ಮೋಟಾರ್ ಮನೆಗೆ ಬಂದ ಇಂಟರ್ನೆಟ್

ಚನ್ನಗಿರಿ, ಹೊಳಲ್ಕೆರೆ, ಭದ್ರಾವತಿ ಸುತ್ತಿನ ಅಡಿಕೆ ತೋಟಗಳಲ್ಲಿ ಮೊಬೈಲ್ ಸ್ಟಾರ್ಟರ್, ತೊಟ್ಟಿಯ ನೀರಿನ ಮಟ್ಟ ಹೇಳುವ ಸೆನ್ಸರ್, ಮಣ್ಣಿನ ತೇವ ಅಳೆಯುವ ಕಡ್ಡಿ, ಹಾಲಿನ ಡೇರಿಗಳಲ್ಲಿ ಕೂಲರ್‌ನ ತಾಪ ನೋಡುವ ಪೆಟ್ಟಿಗೆ – ಇವನ್ನೆಲ್ಲ ಕೂರಿಸುವುದು, ಕೆಟ್ಟರೆ ಹೋಗಿ ಬಿಚ್ಚುವುದು ನನ್ನ ಕಸುಬು. ಪೇಟೆಯಲ್ಲಿ ಇದಕ್ಕೆ ಇಂಟರ್ನೆಟ್ ಆಫ್ ಥಿಂಗ್ಸ್, ಚಿಕ್ಕದಾಗಿ ಐಒಟಿ ಎನ್ನುತ್ತಾರೆ. ಹೆಸರಿಟ್ಟವರು ಕೆವಿನ್ ಆಷ್ಟನ್; 1999ರಲ್ಲಿ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯಲ್ಲಿ ಅವರು ಮಾಡಿದ ಭಾಷಣವೊಂದರ ತಲೆಬರಹ ಅದು. ಅಂಗಡಿಯ ಕಪಾಟಿನಲ್ಲಿ ಯಾವ ಸರಕು ಮುಗಿದಿದೆ ಎಂದು ತಿಳಿಯುವುದು ಅವರ ಚಿಂತೆಯಾಗಿತ್ತು. ನಮ್ಮ ಕಡೆಗೆ ಅದು ಬಂದದ್ದು ಬೇರೆ ದಾರಿಯಲ್ಲಿ, ನಡುರಾತ್ರಿ ಬರುವ ತ್ರೀ ಫೇಸ್ ಕರೆಂಟಿನ ಹಿಂದೆ.

ಈ ಕಸುಬಿಗೆ ಬರುವ ಹುಡುಗರು ಕೋಡ್ ಬರೆಯುವುದನ್ನು ಕಲಿತೇ ಬಂದಿರುತ್ತಾರೆ. ಕಾಲೇಜಿನಲ್ಲಿ ಹೇಳಿಕೊಡದ ಒಂದಿಷ್ಟನ್ನು ಅವರಿಗೆ ನಾನು ಹೇಳುತ್ತೇನೆ.

1. ಏನು ಉಳಿಯುತ್ತದೆ ಎಂದು ಮೊದಲು ಕೇಳಿ

ಕರಪತ್ರದಲ್ಲಿ "ವಿದ್ಯುತ್ ಉಳಿತಾಯ" ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಪುಕ್ಕಟೆ ಸಿಗುವುದನ್ನು ಉಳಿಸಿಕೊಡುತ್ತೇನೆ ಎಂದರೆ ರೈತರು ನಗುತ್ತಾರೆ, ಅಷ್ಟೇ. ಅವರಿಗೆ ನೋವಿರುವುದೇ ಬೇರೆ ಕಡೆ. ತ್ರೀ ಫೇಸ್ ಸಿಗುವುದು ದಿನಕ್ಕೆ ಏಳು ಗಂಟೆ. ಹಲವು ಕಡೆ ಅದೂ ಹಗಲಿಗೊಂದಿಷ್ಟು, ರಾತ್ರಿಗೊಂದಿಷ್ಟು. ರಾತ್ರಿ ಪಾಳಿಯಲ್ಲಿ ಬ್ಯಾಟರಿ ಹಿಡಿದು, ಹಾವು, ಹಂದಿ, ಕರಡಿ ಓಡಾಡುವ ಬದುವಿನ ಮೇಲೆ ನಡೆದು ಸ್ಟಾರ್ಟರ್ ಒತ್ತಬೇಕು. ತಲುಪುವಷ್ಟರಲ್ಲಿ ಕರೆಂಟ್ ಹೋಗಿದ್ದರೂ ಹೋಗಿರಬಹುದು.

ಇನ್ನೊಂದು ನೋವು ಮೋಟಾರ್ ಸುಡುವುದು. ಮೂರರಲ್ಲಿ ಒಂದು ಫೇಸ್ ಹೋದರೆ ಹೊರೆಯೆಲ್ಲ ಉಳಿದ ಎರಡರ ಮೇಲೆ ಬೀಳುತ್ತದೆ. ವೈಂಡಿಂಗ್ ಕಾದು ಸುಟ್ಟುಹೋಗುತ್ತದೆ. ಬೋರ್‌ನಲ್ಲಿ ನೀರು ಕೆಳಗಿಳಿದಾಗ ಒಣ ಓಡಿದರೂ ಕೇಡೇ. ಆಮೇಲೆ ಪೈಪೆಲ್ಲ ಎತ್ತಿಸುವ ಕೂಲಿ, ರೀವೈಂಡಿಂಗ್ ಖರ್ಚು, ಅಷ್ಟು ದಿನ ನೀರಿಲ್ಲದೆ ಬಾಡುವ ತೋಟ. ರಾತ್ರಿಯ ನಡಿಗೆ ಮತ್ತು ಮೋಟಾರ್ ಸುಡುವುದು, ಈ ಎರಡನ್ನು ತಪ್ಪಿಸುವ ಪೆಟ್ಟಿಗೆಗೆ ರೈತರು ಮರುಮಾತಿಲ್ಲದೆ ದುಡ್ಡು ಕೊಡುತ್ತಾರೆ. ಪುಣೆಯ ಸಂತೋಷ್ ಓಸ್ತ್ವಾಲ್ ಅವರ ನ್ಯಾನೊ ಗಣೇಶ್ ಎಂಬ ಸಾಧನ ಹೆಸರು ಮಾಡಿದ್ದು ಇದರಿಂದಲೇ. ಸಾದಾ ಮೊಬೈಲ್‌ನಿಂದ ಕರೆ ಮಾಡಿ, ಅಂಕಿ ಒತ್ತಿ ಪಂಪ್ ಚಾಲೂ ಮಾಡುವ ಉಪಾಯ. ಆ್ಯಪ್ ಇಲ್ಲ, ಕ್ಲೌಡ್ ಇಲ್ಲ. ಐಒಟಿ ಎಂಬ ಮಾತು ನಮ್ಮ ಹಳ್ಳಿಗಳ ಕಿವಿಗೆ ಬೀಳುವ ಮೊದಲೇ ಕೆಲಸ ಹೊಲದಲ್ಲಿ ನಡೆದಿತ್ತು.

2. ಯಾವ ತೀರ್ಮಾನ ಎಲ್ಲಿ ಆಗಬೇಕು?

ಪುಸ್ತಕದಲ್ಲಿ ಐಒಟಿಯನ್ನು ಪದರ ಪದರವಾಗಿ ಬಿಡಿಸಿ ತೋರಿಸುತ್ತಾರೆ. ನಾನು ಒಂದು ಸಬ್‌ಮರ್ಸಿಬಲ್ ಮೋಟಾರ್ ಇಟ್ಟುಕೊಂಡು ಹೇಳುತ್ತೇನೆ. ಸ್ಟಾರ್ಟರ್ ಪೆಟ್ಟಿಗೆಯೊಳಗೆ ಫೇಸ್ ತಂತಿಗೆ ಬಳೆಯಂತೆ ತೊಡಿಸಿದ ಸಿಟಿ ಕಾಯಿಲ್ ಇದೆ. ತಂತಿಯಲ್ಲಿ ಎಷ್ಟು ಆಂಪ್ಸ್ ಹರಿಯುತ್ತಿದೆ ಎಂದು ಅದು ಹೇಳುತ್ತದೆ. ಇದು ಸೆನ್ಸರ್. ಆ ಅಳತೆಯನ್ನು ಓದುವುದು ಇಎಸ್‌ಪಿ32ನಂಥ ಸಣ್ಣ ಬೋರ್ಡ್. ಅಲ್ಲಿಂದ ಸಿಮ್ ಮೂಲಕವೋ ರೇಡಿಯೊ ಮೂಲಕವೋ ಸುದ್ದಿ ಸರ್ವರ್‌ಗೆ ಹೋಗುತ್ತದೆ, ಸರ್ವರ್‌ನಿಂದ ಮನುಷ್ಯನ ಕೈಯ ಫೋನಿಗೆ. ಮೂಲ ಪಾಠ ಇಷ್ಟೇ.

ಕಷ್ಟ ಶುರುವಾಗುವುದು ತೀರ್ಮಾನವನ್ನು ಎಲ್ಲಿಡಬೇಕು ಎಂಬಲ್ಲಿ. ದಿನಾ 14 ಆಂಪ್ಸ್ ಎಳೆಯುವ ಮೋಟಾರ್ ಇದ್ದಕ್ಕಿದ್ದಂತೆ 9ಕ್ಕೆ ಇಳಿದರೆ ಪಂಪ್ ನೀರು ಎತ್ತುತ್ತಿಲ್ಲ, ಗಾಳಿಯಲ್ಲಿ ತಿರುಗುತ್ತಿದೆ ಎಂದರ್ಥ. ಆಗ ನಿಲ್ಲಿಸುವ ಹುಕುಂ ಸರ್ವರ್‌ನಿಂದ ಬರಲಿ ಎಂದು ಕಾಯುವ ಹಾಗಿಲ್ಲ. ಟವರ್‌ಗೇ ಕರೆಂಟ್ ಇಲ್ಲದ ಹೊತ್ತು ಅದಾಗಿರಬಹುದು. ಮೋಟಾರ್ ಕಾಪಾಡುವ ತೀರ್ಮಾನವೆಲ್ಲ ಪೆಟ್ಟಿಗೆಯೊಳಗೇ ಆಗಬೇಕು. ಇಂಟರ್ನೆಟ್‌ಗೆ ಬಿಡಬೇಕಾದ್ದು ಸುದ್ದಿ ಮುಟ್ಟಿಸುವ ಕೆಲಸ ಮಾತ್ರ. ಸಿಮ್ ಕಿತ್ತಿಟ್ಟರೂ ಮೋಟಾರ್ ಸುರಕ್ಷಿತವಾಗಿದೆಯೇ ಎಂದು ನಾನು ಹೊಸ ಪೆಟ್ಟಿಗೆಯನ್ನು ಪರೀಕ್ಷಿಸುತ್ತೇನೆ. ಅದರಲ್ಲಿ ಸೋತದ್ದನ್ನು ಕೂರಿಸುವುದಿಲ್ಲ.

ಸುದ್ದಿ ಸಾಗಿಸಲು ಎಲ್ಲೆಡೆ ಬಳಸುವ ಎಂಕ್ಯೂಟಿಟಿ ಎಂಬ ಕಟ್ಟಳೆಯೂ 1999ರದ್ದೇ. ಆರ್ಲೆನ್ ನಿಪ್ಪರ್ ಮತ್ತು ಐಬಿಎಂನ ಆ್ಯಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ತೈಲ ಕೊಳವೆಗಳ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲು ಅದನ್ನು ರೂಪಿಸಿದರು. ಉಪಗ್ರಹದ ಸಂಪರ್ಕ ದುಬಾರಿ, ನಿಧಾನ. ಹಾಗಾಗಿ ಮಾತು ಚುಟುಕು. ನಮ್ಮ ಹಳ್ಳಿ ಟವರ್‌ಗೆ ಅದು ಒಗ್ಗಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

3. ಅಂಕಿ ಬಂತೆಂದರೆ ಅಳತೆ ಆಯಿತೆಂದಲ್ಲ

ಹಳ್ಳಿ ಡೇರಿಯ ಬಲ್ಕ್ ಕೂಲರ್‌ನಲ್ಲಿ ಹಾಲು 4 ಡಿಗ್ರಿಯಲ್ಲಿರಬೇಕು. ಅಲ್ಲಿ ಹೆಚ್ಚಾಗಿ ಡಿಎಸ್18ಬಿ20 ಎಂಬ ಅಗ್ಗದ, ಒಳ್ಳೆಯ ಸೆನ್ಸರ್ ಹಾಕುತ್ತೇವೆ. ಒಂದು ದಿನ ಗ್ರಾಫ್‌ನಲ್ಲಿ 4, 4, 85, 4 ಎಂದು ಬರುತ್ತದೆ. ಹಾಲು ಕುದಿಯಲಿಲ್ಲ. ಈ ಸೆನ್ಸರ್‌ಗೆ ಕರೆಂಟ್ ಬಂದ ಕೂಡಲೇ, ಅಳೆಯುವ ಮೊದಲು, ಒಳಗೆ ಇರುವ ಅಂಕಿಯೇ 85. ವೋಲ್ಟೇಜ್ ಒಮ್ಮೆ ಕುಸಿದು ಮತ್ತೆ ಎದ್ದರೆ ಅದು ಕಾಣಿಸಿಕೊಳ್ಳುತ್ತದೆ. ತಂತಿ ಕಿತ್ತುಹೋಗಿದ್ದರೆ ನಾವೆಲ್ಲ ಬಳಸುವ ಸಾಫ್ಟ್‌ವೇರ್ ಲೈಬ್ರರಿ −127 ಎಂದು ಕೊಡುತ್ತದೆ. ಇವೆರಡೂ ತಾಪವಲ್ಲ, ದೂರು. ಇದನ್ನರಿಯದ ಪ್ರೋಗ್ರಾಂ 85ನ್ನೂ ಸೇರಿಸಿ ದಿನದ ಸರಾಸರಿ ತೆಗೆಯುತ್ತದೆ. ಹಾಲು ಕೆಟ್ಟಿತೆಂದು ಕಾರ್ಯದರ್ಶಿಗೆ ನಡುರಾತ್ರಿ ಫೋನ್ ಹೋಗುತ್ತದೆ. ಹೀಗೇ ಎರಡು ಸಲ ಆದರೆ ಮೂರನೆಯ ಸಲ ಹಾಲು ನಿಜವಾಗಿ ಕೆಡುತ್ತಿದ್ದಾಗ ಅವರು ಫೋನ್ ಎತ್ತುವುದಿಲ್ಲ.

ತೊಟ್ಟಿಯ ಮೇಲಿಡುವ ಅಲ್ಟ್ರಾಸಾನಿಕ್ ಸೆನ್ಸರ್‌ಗೆ ತೀರ ಹತ್ತಿರದ್ದು ಕಾಣಿಸುವುದಿಲ್ಲ. ನೀರು ನಿರೋಧಕ ಮಾದರಿಗಳಲ್ಲಿ ಸುಮಾರು 20ರಿಂದ 25 ಸೆಂಟಿಮೀಟರ್ ಒಳಗಿನದೆಲ್ಲ ಅದಕ್ಕೆ ಕುರುಡು. ಮುಚ್ಚಳಕ್ಕೆ ಅಂಟಿಸಿದರೆ ತೊಟ್ಟಿ ತುಂಬುವ ಹೊತ್ತಿಗೆ ಸರಿಯಾಗಿ ಅಂಕಿ ಹುಚ್ಚುಚ್ಚಾಗುತ್ತದೆ. ಎತ್ತರಕ್ಕೆ ಒಂದು ಪೈಪ್ ತುಂಡು ಹಾಕಿ ಕೂರಿಸಿ. ಜೇಡ ಬಲೆ ಕಟ್ಟಿದರೂ ಅದು "ತೊಟ್ಟಿ ತುಂಬಿದೆ" ಎನ್ನುವುದುಂಟು.

ಎಲ್ಲಕ್ಕಿಂತ ಮೋಸಗಾರ ಅಂಕಿ ಸೊನ್ನೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಜಾಲದಿಂದಾಗಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ, ಸೌರಫಲಕ ಹೊತ್ತು ತಾವೇ ವರದಿ ಕಳಿಸುವ ಮಳೆಮಾಪಕಗಳಿವೆ. ನಮ್ಮ ರಾಜ್ಯದಲ್ಲಿ ಐಒಟಿಯ ಇಷ್ಟು ವ್ಯಾಪಕವಾದ, ಇಷ್ಟು ಜನರಿಗೆ ತಾಗುವ ಬಳಕೆ ಇನ್ನೊಂದು ನನ್ನ ಕಣ್ಣಿಗೆ ಬಿದ್ದಿಲ್ಲ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆಯ ಲೆಕ್ಕ ಇಂಥ ಮಾಪಕದ ಅಂಕಿಯ ಮೇಲೆ ನಿಲ್ಲುತ್ತದೆ. ಈ ಬಗೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಆಚೀಚೆ ಮಗುಚುವ ಪುಟ್ಟ ಬಟ್ಟಲು. ಒಂದು ಮಗುಚಿಗೆ ಇಂತಿಷ್ಟು ಮಿಲಿಮೀಟರ್ ಎಂದು ಲೆಕ್ಕ. ಮೇಲಿನ ಆಲಿಕೆಗೆ ಒಂದು ಎಲೆ ಅಡ್ಡ ಕೂತರೆ ಹೊರಗೆ ಕುಂಭದ್ರೋಣ ಮಳೆ, ಒಳಗೆ ಸೊನ್ನೆ. ಒಣಗಿದ ದಿನದ ಸೊನ್ನೆಗೂ ಈ ಸೊನ್ನೆಗೂ ಡೇಟಾದಲ್ಲಿ ವ್ಯತ್ಯಾಸ ಕಾಣದು. ಪಕ್ಕದ ಪಂಚಾಯಿತಿಗಳ ಅಂಕಿ ಜೊತೆಗಿಟ್ಟು ನೋಡಿದರೆ ಮಾತ್ರ ಸುಳ್ಳು ಸಿಕ್ಕಿಬೀಳುತ್ತದೆ. ಎಲೆ ತೆಗೆಯಲು ಮಾತ್ರ ಯಾರಾದರೂ ಏಣಿ ಹತ್ತಲೇಬೇಕು.

4. ಮಣ್ಣು ನೋಡದೆ ಕಡ್ಡಿ ಹೂಳಬೇಡಿ

ಎರಡು ಲೋಹದ ಕಾಲಿನ ಅಗ್ಗದ ತೇವಮಾಪಕವನ್ನು ಅಂಗಡಿಯಲ್ಲೇ ಬಿಡಿ. ಒದ್ದೆ ಮಣ್ಣಿನಲ್ಲಿ ಕರೆಂಟ್ ಹರಿದು ಕಾಲು ಕರಗಿಹೋಗುತ್ತದೆ. ಕೆಪ್ಯಾಸಿಟಿವ್ ಮಾದರಿ ಬಾಳುತ್ತದೆ, ಅಂಚಿಗೆ ಎಪಾಕ್ಸಿ ಬಳಿದಿದ್ದರೆ. ಆದರೆ ಅದು ಕೊಡುವುದು ಬರೀ ಒಂದು ಅಂಕಿ. ಶೇಕಡಾ ಇಷ್ಟು ತೇವ ಎಂದು ಅದಕ್ಕೆ ಅರ್ಥ ಬರುವುದು ಆಯಾ ಮಣ್ಣಿನಲ್ಲಿ ಹದ ಕಟ್ಟಿದ ಮೇಲೆ. ಹೊಳಲ್ಕೆರೆಯಂಥ ಕಡೆ ಒಂದೇ ಜಮೀನಿನಲ್ಲಿ ಮೇಲ್ಗಡೆ ಕೆಂಪು, ಕೆಳಗಡೆ ಎರೆ ಇರುವುದುಂಟು. ಕೆಂಪಿನಲ್ಲಿ "ನೀರು ಸಾಕು" ಎಂದ ಅಂಕಿ ಎರೆಯಲ್ಲಿ "ಗಿಡ ಬಾಡುತ್ತಿದೆ" ಎಂದಾಗಬಹುದು. ಎರೆ ಬೇಸಿಗೆಯಲ್ಲಿ ಬಿರಿದಾಗ ಕಡ್ಡಿಯ ಸುತ್ತ ಗಾಳಿ ಸೇರಿ ಅಳತೆ ಪಾತಾಳಕ್ಕೆ ಇಳಿಯುತ್ತದೆ.

ಯಜಮಾನರು ಅಗೆದು, ಹಿಡಿ ಮಣ್ಣು ಹಿಸುಕಿ, ಉಂಡೆ ಕಟ್ಟುತ್ತದೆಯೇ ಉದುರುತ್ತದೆಯೇ ಎಂದು ನೋಡುತ್ತಾರಲ್ಲ, ನಾನು ಕಡ್ಡಿಯ ಅಂಕಿಯನ್ನು ಅದರ ಪಕ್ಕದಲ್ಲೇ ಬರೆದುಕೊಳ್ಳುತ್ತೇನೆ. "ಈಗ ನೀರು ಬಿಡ್ತೀರಾ ಯಜಮಾನ್ರೇ?" "ನಾಳೆ ಬಿಟ್ರೂ ನಡೀತದೆ." ಆ ದಿನದ ಅಂಕಿಯೇ ಆ ತೋಟದ ಗಡಿರೇಖೆ. ಕಂಪನಿ ಕೊಟ್ಟ ಪಟ್ಟಿಗಿಂತ ಇದು ಚೆನ್ನಾಗಿ ಹೊಂದುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಸ್ಮಾರ್ಟ್ ಸ್ಟಾರ್ಟರ್ ನೀರು ಉಳಿಸುತ್ತದೆ ಎಂದು ಮಾರಬೇಡಿ. ಕೈಯಲ್ಲಿ ಒತ್ತುವಾಗ ರೈತರು ಕೆಲವು ರಾತ್ರಿ ನಿದ್ದೆಗೆ ಸೋತು ಸುಮ್ಮನಿರುತ್ತಿದ್ದರು; ಕರೆಂಟ್ ಬಂದ ಕೂಡಲೇ ತಾನೇ ಚಾಲೂ ಆಗುವ ಆಟೋ ಹಾಕಿದ ಮೇಲೆ ಏಳು ಗಂಟೆಯೂ ಬೋರ್ ಎಳೆಯುತ್ತದೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ಅಡಿಕೆ ಉಳಿಸಿಕೊಂಡವರ ತೋಟಗಳಲ್ಲೂ ಸ್ಟಾರ್ಟರ್ ಪೆಟ್ಟಿಗೆ ಇತ್ತು. ಮಿತಿ ಹಾಕುವ ಟೈಮರ್, ತೇವದ ಅಂಕಿ ನೋಡಿ ನಿಲ್ಲಿಸುವ ನಿಯಮ ಎರಡೂ ಸೇರಿದರೆ ಮಾತ್ರ ನೀರು ಉಳಿದೀತು. ಅದನ್ನು ರೈತರೇ ಒಪ್ಪಿ ಹಾಕಿಸಿಕೊಳ್ಳಬೇಕು. ಪಕ್ಕದ ಜಮೀನಿನ ಬೋರ್ ಓಡುತ್ತಿರುವಾಗ ತನ್ನದನ್ನು ನಿಲ್ಲಿಸಲು ಯಾರಿಗೆ ತಾನೆ ಮನಸ್ಸು ಬಂದೀತು?

5. ಬಾರದ ಸುದ್ದಿಯೂ ಸುದ್ದಿಯೇ

ಪರದೆಯ ಮೇಲೆ "ತೊಟ್ಟಿ 70%" ಎಂದಿದ್ದರೆ ಅದು ಯಾವಾಗಿನ 70 ಎಂದು ಪಕ್ಕದಲ್ಲೇ ದೊಡ್ಡದಾಗಿ ತೋರಿಸಿ. ಮೂರು ದಿನ ಹಳೆಯದಾಗಿದ್ದರೆ ಅಂಕಿಯನ್ನೇ ಅಳಿಸಿ. ಎಂಕ್ಯೂಟಿಟಿಯಲ್ಲಿ ಸಾಧನವು ಸಂಪರ್ಕಕ್ಕೆ ಬರುವಾಗಲೇ "ನಾನು ಹಠಾತ್ತನೆ ಇಲ್ಲವಾದರೆ ಇದನ್ನು ಹೇಳಿಬಿಡು" ಎಂದು ಒಂದು ಮಾತನ್ನು ಸರ್ವರ್‌ನಲ್ಲಿ ಇಡಬಹುದು. ಬಳಸುವವರು ಕಡಿಮೆ. ಬಳಸಿ.

6. ದೂರದ ಬೆರಳಿಗೆ ಹತ್ತಿರದ ಕೈ ಕಾಣದು

ನನಗೆ ನಿಜವಾಗಿ ಭಯವಿರುವುದು ಇದೊಂದರ ಬಗ್ಗೆ. ಓದುವ ಸಾಧನ ಸುಳ್ಳು ಹೇಳಿದರೆ ನಷ್ಟ. ಚಾಲೂ ಮಾಡುವ ಸಾಧನ ತಪ್ಪಿದರೆ ಪ್ರಾಣ. ಮೆಕ್ಯಾನಿಕ್ ಟರ್ಮಿನಲ್ ಬಿಗಿ ಮಾಡುತ್ತಿರುವಾಗ ಶಿವಮೊಗ್ಗದ ಬಸ್‌ನಲ್ಲಿ ಕೂತವರು ಫೋನ್ ಒತ್ತಿದರೆ ಏನಾಗುತ್ತದೆ, ಹೇಳಿ. ಹಾಗಾಗಿ ಪ್ರತಿ ಪೆಟ್ಟಿಗೆಯ ಮುಖದ ಮೇಲೆ ಲೋಕಲ್–ರಿಮೋಟ್ ಎಂಬ ತಿರುಗಣೆ ಸ್ವಿಚ್ ಇರಲೇಬೇಕು. ಲೋಕಲ್‌ಗೆ ತಿರುಗಿಸಿದರೆ ತಂತಿಯಲ್ಲೇ ರಿಮೋಟ್ ಕಡಿದುಹೋಗಬೇಕು. "ಸಾಫ್ಟ್‌ವೇರ್‌ನಲ್ಲಿ ನೋಡಿಕೊಳ್ಳುತ್ತೇವೆ" ಎನ್ನುವವರನ್ನು ನಾನು ಮೋಟಾರ್ ಮನೆಯ ಒಳಗೆ ಬಿಡುವುದಿಲ್ಲ. ಇದರ ಮೇಲೂ ಕೈ ಹಾಕುವವರು ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು.

ಕೋಡ್ ಬರೆಯುವವರು ಒಂದನ್ನು ನೆನಪಿಡಿ. ಎಂಕ್ಯೂಟಿಟಿಯಲ್ಲಿ ಕೊನೆಯ ಸಂದೇಶವನ್ನು ಸರ್ವರ್ ಹಿಡಿದಿಟ್ಟುಕೊಳ್ಳುವ ರಿಟೇನ್ ಎಂಬ ಗುಣವಿದೆ. ತಾಪ, ಮಟ್ಟದಂಥ ಸುದ್ದಿಗೆ ಅದು ಅನುಕೂಲ. "ಮೋಟಾರ್ ಆನ್" ಎಂಬ ಆಜ್ಞೆಗೆ ಅದನ್ನು ಹಚ್ಚಿದಿರೋ, ಸಂಜೆ ಕೊಟ್ಟ ಆಜ್ಞೆ ಸರ್ವರ್‌ನಲ್ಲೇ ಕೂತಿರುತ್ತದೆ. ರಾತ್ರಿ ನೆಟ್‌ವರ್ಕ್ ಹೋಗಿ ಬಂದಾಗ ಪೆಟ್ಟಿಗೆ ಅದನ್ನು ಹೊಸದೆಂದು ತಿಳಿದು ಮೋಟಾರ್ ಎಬ್ಬಿಸುತ್ತದೆ. ಆಜ್ಞೆಗೆ ಗಡುವು ಇರಲಿ. ಒಂದು ನಿಮಿಷಕ್ಕಿಂತ ಹಳೆಯದನ್ನು ಪೆಟ್ಟಿಗೆ ಎಸೆಯಲಿ.

ಇನ್ನು ಊರಿನ ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರ್‌ನ, ಗತಿ. ತ್ರೀ ಫೇಸ್ ಬಂದ ಕ್ಷಣವೇ ಆಟೋದಲ್ಲಿಟ್ಟ ಮೋಟಾರ್‌ಗಳೆಲ್ಲ ಒಟ್ಟಿಗೆ ಎದ್ದರೆ, ಚಾಲೂ ಆಗುವಾಗಿನ ಎಳೆತ ಓಡುವಾಗಿನದಕ್ಕಿಂತ ಹಲವು ಪಟ್ಟು ಇರುವುದರಿಂದ, ಟಿಸಿಯ ಫ್ಯೂಸ್ ಹಾರುತ್ತದೆ. ಲೈನ್‌ಮ್ಯಾನ್ ಬೈಯುವುದು ಸ್ಟಾರ್ಟರ್ ಹಾಕಿದವರನ್ನು, ಬೈಗುಳ ನ್ಯಾಯವೇ. ಒಂದೊಂದು ಪೆಟ್ಟಿಗೆಗೂ ಬೇರೆ ಬೇರೆ ನಿಮಿಷ ತಡ ಇಟ್ಟರೆ ಮುಗಿಯಿತು. ಒಂದು ಟಿಸಿಯ ಕೆಳಗಿನ ರೈತರನ್ನು ಕೂರಿಸಿ ಸರದಿ ಗೊತ್ತು ಮಾಡಿಸುವುದು ಕೋಡ್ ಬರೆದಷ್ಟು ಸುಲಭವಲ್ಲ. ಮೊದಲ ಸರದಿ ಎಲ್ಲರಿಗೂ ಬೇಕು.

7. ಸಿಮ್ ಯಾವುದು, ಗಾಳಿ ಯಾವುದು

ಹಳೆಯ ಅಗ್ಗದ ಸಿಮ್800 ಮಾಡ್ಯೂಲ್‌ಗಳು 2ಜಿಯವು. ಜಿಯೊಗೆ 2ಜಿ ಇಲ್ಲವೇ ಇಲ್ಲ. ಜಿಯೊ ಸಿಮ್ ಈ ಮಾಡ್ಯೂಲ್‌ನೊಳಗೆ ಕೂತರೂ ಮಾತಾಡದು. ಈ ಮಾಡ್ಯೂಲ್ ಟವರ್ ಜೊತೆ ಮಾತಾಡುವಾಗ ಕ್ಷಣಮಾತ್ರಕ್ಕೆ 2 ಆಂಪ್ಸ್‌ವರೆಗೆ ಎಳೆಯುತ್ತದೆ. ಬಡಕಲು ಅಡಾಪ್ಟರ್ ಕೊಟ್ಟರೆ ಅದು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತದೆ, ನಾವು ಸಿಗ್ನಲ್ ಸರಿಯಿಲ್ಲವೆಂದು ಆ್ಯಂಟೆನಾ ತಿರುಗಿಸುತ್ತಾ ಕೂರುತ್ತೇವೆ. ಮೊದಲು ವೋಲ್ಟೇಜ್ ನೋಡಿ.

ಸಿಮ್ ಹಿಡಿಯದ ಕಣಿವೆಗಳಲ್ಲಿ ಲೋರಾ ರೇಡಿಯೊ ಉಪಾಯ. ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್‌ನಲ್ಲಿ ಪರವಾನಗಿ ಬೇಕಿಲ್ಲ. ಎದುರಿಗೆ ಅಡ್ಡಿ ಇಲ್ಲದಿದ್ದರೆ ಕೆಲವು ಕಿಲೋಮೀಟರ್ ಸಾಗುತ್ತದೆ. ಮಳೆಯಲ್ಲಿ ನೆಂದ ದಟ್ಟ ಸೋಗೆಯ ನಡುವೆ ಅಷ್ಟು ಸಾಗದು. ಆ್ಯಂಟೆನಾವನ್ನು ಮರದ ತಲೆಗಿಂತ ಮೇಲೆ ಎತ್ತಿ, ಅಡಿಕೆ ಗೊನೆ ಕೊಯ್ಯುವವರಿಗೆ ತಿಳಿಸಿಡಿ. ಇಲ್ಲದಿದ್ದರೆ ಗೊನೆಯ ಜೊತೆ ಅದೂ ಇಳಿದು ಬರುತ್ತದೆ.

8. ಇರುವೆ, ಇಲಿ, ಸಿಡಿಲು, ಆಷಾಢ

ನನ್ನ ಹೆಚ್ಚಿನ ರಿಪೇರಿಗಳಲ್ಲಿ ಇಂಟರ್ನೆಟ್‌ನ ಪಾತ್ರವೇ ಇರುವುದಿಲ್ಲ. ಮೋಟಾರ್‌ಗೆ ಕರೆಂಟ್ ಕೂಡಿಸುವ ಕಾಂಟ್ಯಾಕ್ಟರ್‌ನ ಬೆಚ್ಚಗಿನ ಸಂದಿಯಲ್ಲಿ ಇರುವೆ ಗೂಡು ಮಾಡಿ, ಎರಡು ತುದಿ ಕೂಡದಂತೆ ಸತ್ತು ಬಿದ್ದಿರುತ್ತದೆ. ಮೋಟಾರ್ ಏಳುವುದಿಲ್ಲ, ಆ್ಯಪ್ ಮಾತ್ರ "ಆನ್" ಎನ್ನುತ್ತದೆ. ಇದಕ್ಕೇ ಆಜ್ಞೆ ಕೊಟ್ಟದ್ದನ್ನಲ್ಲ, ಸಿಟಿ ಕಾಯಿಲ್‌ನಲ್ಲಿ ಆಂಪ್ಸ್ ಕಂಡದ್ದನ್ನು "ಆನ್" ಎಂದು ತೋರಿಸಬೇಕು. ಕೇಬಲ್ ಒಳಹೋಗುವ ತೂತಿಗೆ ಗ್ಲ್ಯಾಂಡ್ ಬಿಗಿಯಿರಿ, ಒಳಗೆ ನುಸಿಗುಳಿಗೆ ಹಾಕಿ. ಇಲಿಗೆ ಕಬ್ಬಿಣದ ಪೈಪೇ ಮದ್ದು.

ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ತೊಟ್ಟಿಯಿಂದ ಮೋಟಾರ್ ಮನೆಗೆ ಎಳೆದ ಉದ್ದ ತಂತಿಗಳು ಮೊದಲ ಬಲಿ. ಸರ್ಜ್ ಅರೆಸ್ಟರ್ ಹಾಕಿದರೂ ಅರ್ಥಿಂಗ್ ಸರಿಯಿಲ್ಲದಿದ್ದರೆ ಅದು ಅಲಂಕಾರ. ಉದ್ದ ತಂತಿಯ ಬದಲು ರೇಡಿಯೊ ಹಾಕಿದಲ್ಲಿ ನನಗೆ ದೂರು ಕಡಿಮೆ. ಸೌರಫಲಕದ ಲೆಕ್ಕವನ್ನು ಮಾರ್ಚ್‌ನ ಬಿಸಿಲು ನೋಡಿ ಹಾಕಬೇಡಿ, ಆಷಾಢದ ಮೋಡ ನೋಡಿ ಹಾಕಿ. ಸಾಧನ ಹೆಚ್ಚು ಹೊತ್ತು ಮಲಗಿರಲಿ: ಇಎಸ್‌ಪಿ32 ವೈಫೈನಲ್ಲಿ ಮಾತಾಡುವಾಗ ನೂರಾರು ಮಿಲಿಆಂಪ್ಸ್ ತಿನ್ನುತ್ತದೆ, ಗಾಢ ನಿದ್ದೆಯಲ್ಲಿ ಕೆಲವೇ ಮೈಕ್ರೊಆಂಪ್ಸ್.

9. ಯಾರ ಫೋನು?

ಕನ್ನಡದಲ್ಲಿ ಎಸ್‌ಎಂಎಸ್ ಕಳಿಸಿದರೆ ಒಂದರಲ್ಲಿ 70 ಅಕ್ಷರ ಹಿಡಿಯುತ್ತದೆ, ಇಂಗ್ಲಿಷಿನಲ್ಲಿ 160. ಒತ್ತು, ಗುಣಿತಗಳೂ ಲೆಕ್ಕಕ್ಕೆ ಬರುತ್ತವೆ. ಅಗ್ಗದ ಸ್ಟಾರ್ಟರ್‌ಗಳು ಇಂಗ್ಲಿಷಿನಲ್ಲೇ ಒದರುವುದಕ್ಕೆ ಇದೂ ಒಂದು ಕಾರಣ. "ಡ್ರೈ ರನ್ ಟ್ರಿಪ್" ಎಂದು ಇಂಗ್ಲಿಷಿನಲ್ಲಿ ಬಂದದ್ದನ್ನು ಓದಿಸಲು ಶಾಲೆಗೆ ಹೋದ ಮೊಮ್ಮಗಳು ಮನೆಗೆ ಬರಬೇಕು. ನಾನು ಧ್ವನಿ ಕರೆಯನ್ನು ಒತ್ತಾಯಿಸುತ್ತೇನೆ: ಫೋನ್ ಎತ್ತಿದರೆ ಕನ್ನಡದಲ್ಲಿ "ನೀರಿಲ್ಲ, ಮೋಟಾರ್ ನಿಂತಿದೆ" ಎಂಬ ಮಾತು.

ಇನ್ನೊಂದು ತೊಡಕು ಮನೆಯೊಳಗಿನದು. ಆ್ಯಪ್ ಇರುವುದು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನ ಫೋನಿನಲ್ಲಿ, ಗೇಟ್‌ವಾಲ್ವ್ ಇರುವುದು ತೋಟದಲ್ಲಿರುವ ಅಪ್ಪನ ಕೈಯಲ್ಲಿ. "ಅಪ್ಪಾಜಿ, ಆನ್ ಮಾಡ್ಲಾ?" "ತಡಿಯೋ, ವಾಲ್ವ್ ಇನ್ನೂ ತಿರುಗಿಸ್ತಿದೀನಿ!" ಮಗ ತಡೆಯದಿದ್ದರೆ ಮುಚ್ಚಿದ ವಾಲ್ವ್‌ಗೆ ಒತ್ತಡ ಏರಿ ಪಿವಿಸಿ ಪೈಪ್ ಒಡೆಯುತ್ತದೆ. ಮಗನಿಗೆ ನೋಡುವ ಹಕ್ಕು, ಅಪ್ಪನಿಗೆ ಒತ್ತುವ ಹಕ್ಕು ಎಂದು ಎರಡು ಬಗೆಯ ಖಾತೆ ಮಾಡಿಕೊಡಿ. ಮಕ್ಕಳು ಒಂದಿಷ್ಟು ಮುನಿಸಿಕೊಳ್ಳುತ್ತಾರೆ.

10. 1234

ಎಸ್‌ಎಂಎಸ್ ಸ್ಟಾರ್ಟರ್‌ಗಳು ಕಾರ್ಖಾನೆಯಿಂದ 1234 ಎಂಬ ಗುಟ್ಟು ಹೊತ್ತು ಬರುವುದು ಮಾಮೂಲು. ಬದಲಿಸುವವರೆಗೆ ಸಿಮ್ ನಂಬರ್ ಗೊತ್ತಿರುವ ಯಾರು ಬೇಕಾದರೂ ನಿಮ್ಮ ಮೋಟಾರ್ ಓಡಿಸಬಹುದು. ದಾಯಾದಿಗಳಿಗೆ ನಂಬರ್ ಗೊತ್ತಿದ್ದೇ ಇರುತ್ತದೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಇಂಥದೇ ಬದಲಿಸದ ಪಾಸ್‌ವರ್ಡ್‌ಗಳನ್ನು ಹಿಡಿದು ಲೆಕ್ಕವಿಲ್ಲದಷ್ಟು ಕ್ಯಾಮೆರಾ, ರೂಟರ್‌ಗಳನ್ನು ವಶಮಾಡಿಕೊಂಡಿತು. ಅವುಗಳಿಂದ, ಜಾಲತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಅಮೆರಿಕದ ಕಂಪನಿಯ ಮೇಲೆ ದಾಳಿ ನಡೆದು ಟ್ವಿಟರ್‌ನಂಥ ದೊಡ್ಡ ತಾಣಗಳೇ ಹಲವು ಗಂಟೆ ಸಿಗದಾದವು. ಕೂರಿಸಿದ ದಿನವೇ ಗುಟ್ಟು ಬದಲಿಸಿ, ಮನೆಯವರ ನಂಬರ್‌ಗಳನ್ನಷ್ಟೇ ನೋಂದಾಯಿಸಿ.

11. ಸರ್ವರ್ ಮುಚ್ಚಿದ ಮಾರನೆಯ ದಿನ

ಅಮೆರಿಕದ ರಿವಾಲ್ವ್ ಎಂಬ ಮನೆ ನಿಯಂತ್ರಣ ಪೆಟ್ಟಿಗೆಯ ಕಂಪನಿಯನ್ನು ನೆಸ್ಟ್ ಎಂಬ ಇನ್ನೊಂದು ಕಂಪನಿ ಕೊಂಡುಕೊಂಡು, 2016ರಲ್ಲಿ ಅದರ ಸೇವೆಯನ್ನು ನಿಲ್ಲಿಸಿತು. ದುಡ್ಡು ಕೊಟ್ಟು ಕೊಂಡ ಪೆಟ್ಟಿಗೆ ಸುಮ್ಮನೆ ಕೂತಿತು. ನಮ್ಮ ರೈತರು ಇದನ್ನು ಓದಿಲ್ಲ, ಆದರೂ ಮೊದಲು ಕೇಳುವ ಪ್ರಶ್ನೆ ಇದೇ: "ನಿಮ್ ಕಂಪ್ನಿ ಮುಚ್ಚಿದ್ರೆ?" ಕೈಯಿಂದ ಒತ್ತುವ ಹಸಿರು–ಕೆಂಪು ಗುಂಡಿ, ಮೋಟಾರ್ ಕಾಯುವ ಒಳಗಿನ ಬುದ್ಧಿ ಎರಡೂ ಸರ್ವರ್ ಇಲ್ಲದೆ ನಡೆಯಬೇಕು. ವರ್ಷ ವರ್ಷ ಸಿಮ್ ರೀಚಾರ್ಜ್, ಸರ್ವರ್ ಬಾಡಿಗೆ ಎಷ್ಟೆಂದು ಮಾರುವ ದಿನವೇ ಬರೆದುಕೊಡಿ. ಊರಿನ ರೀವೈಂಡಿಂಗ್ ಅಂಗಡಿಯವರಿಗೆ ಪೆಟ್ಟಿಗೆ ಬಿಚ್ಚಲು ಕಲಿಸಿ, ಎರಡು ರಿಲೇ, ಒಂದು ಸಿಟಿ ಕಾಯಿಲ್ ಅವರ ಬಳಿ ಇಟ್ಟಿರಿ.

12. ಬೇಡ ಎಂದು ಬರುವುದೂ ಕೆಲಸ

ತೀರ್ಥಹಳ್ಳಿ ಕಡೆಯ ಕೆಲವು ತೋಟಗಳಿಗೆ ಗುಡ್ಡದ ನೀರು ತಾನೇ ಇಳಿದು ಬರುತ್ತದೆ. ಮೋಟಾರೂ ಇಲ್ಲ, ಸ್ಟಾರ್ಟರೂ ಇಲ್ಲ. ಅಲ್ಲಿಂದಲೂ ನನಗೆ ಕರೆ ಬರುತ್ತದೆ, ಪಕ್ಕದವರು ಹಾಕಿಸಿದ್ದಾರೆ ಎಂಬ ಕಾರಣಕ್ಕೆ. ತೊಟ್ಟಿ ತುಂಬಿ ಹರಿದು ಹೋಗುವುದೊಂದೇ ಅವರ ತಾಪತ್ರಯ. ಅದಕ್ಕೆ ತೇಲುಗುಂಡಿನ ಫ್ಲೋಟ್ ವಾಲ್ವ್ ಸಾಕು. ಬ್ಯಾಟರಿ ಬೇಡ, ರೀಚಾರ್ಜ್ ಬೇಡ, ಪೇಟೆಯ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಹೋದ ತಪ್ಪಿಗೆ ಕಾಫಿ ಕುಡಿದು, ಎಷ್ಟು ಇಂಚಿನದು ಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟು ಬರುತ್ತೇನೆ.